ಫಾರಿನ್ ಲಾರಿಯ ಕ್ವಾಲಿಟಿಗೂ ಯೂನಿಯನ್‌ಗೂ ಏನು ಸಂಬಂಧ?

ನಿಮ್ಮ ಪ್ರಶ್ನೆ ಇದು: ಚಿಕ್ಕಮಗಳೂರಿನಲ್ಲಿ ನಿಮ್ಮ ತಂದೆಯವರು ಎರಡು ಲಾರಿ ಓಡಿಸುತ್ತಿದ್ದಾರೆ. ಮೂರನೆಯದಾಗಿ ಒಂದು ವಿದೇಶಿ ಬ್ರ್ಯಾಂಡಿನ ಲಾರಿ ತೆಗೆಯುವ ಯೋಚನೆ ಇದೆ. "ಇಂಪೋರ್ಟೆಡ್ ಗಾಡಿ ಅಂದ್ರೆ ಕ್ವಾಲಿಟಿ. ನಮ್ಮಲ್ಲಿ ಯೂನಿಯನ್ ಕಾಟ, ಒಳ್ಳೆ ಗಾಡಿ ಎಲ್ಲಿಂದ ಬರುತ್ತೆ" ಅಂತ ನಿಮ್ಮ ಚಿಕ್ಕಪ್ಪ ಹೇಳುತ್ತಾರೆ. ಅದು ನಿಜವಾ ಅಂತ ಕೇಳಿದ್ದೀರಿ.

ಆ ಲಾರಿಗಳು ಚೆನ್ನಾಗಿರುತ್ತವೆ ಅನ್ನುವುದು ನಿಜ. ಯೂನಿಯನ್ ಇಲ್ಲದ್ದರಿಂದ ಚೆನ್ನಾಗಿವೆ ಅನ್ನುವುದು ಸುಳ್ಳು. ನಾನು ಹಾಸನದವನು. ಐ.ಟಿ.ಐ. ಮುಗಿಸಿ ಬೆಂಗಳೂರಿನ ಹತ್ತಿರ ಒಂದು ವಾಹನ ಕಾರ್ಖಾನೆಯಲ್ಲಿ ಕೆಲವು ವರ್ಷ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡಿದೆ. ಈಗ ಹಾಸನದ ಬಿ.ಎಂ. ರಸ್ತೆಯಲ್ಲಿ ಲಾರಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಎರಡೂ ಕಡೆ ಕಂಡದ್ದನ್ನು ಸೇರಿಸಿ ಹೇಳುತ್ತೇನೆ.

ಮೊದಲು ಈ ಇಂಪೋರ್ಟೆಡ್ ವಿಚಾರ. ನಮ್ಮ ರಸ್ತೆಯಲ್ಲಿ ಓಡುವ ವಿದೇಶಿ ಹೆಸರಿನ ಲಾರಿಗಳಲ್ಲಿ ಹೆಚ್ಚಿನವು ಹಡಗಿನಲ್ಲಿ ಬಂದವಲ್ಲ. ಪೂರ್ತಿ ತಯಾರಾದ ಲಾರಿ ತರಿಸಿದರೆ ಸುಂಕ ಜಾಸ್ತಿ. ಬಿಡಿಭಾಗ ತಂದು ಇಲ್ಲೇ ಜೋಡಿಸಿದರೆ, ಇಲ್ಲೇ ಭಾಗ ಮಾಡಿಸಿದರೆ ಕಡಿಮೆಗೆ ಬೀಳುತ್ತದೆ. ವೋಲ್ವೋ 1998ರಿಂದ ಹೊಸಕೋಟೆಯಲ್ಲಿ ಲಾರಿ ಕಟ್ಟುತ್ತಿದೆ. ಜರ್ಮನಿಯ ಡೈಮ್ಲರ್ 2012ರಲ್ಲಿ ಚೆನ್ನೈ ಹತ್ತಿರದ ಒರಗಡಂನಲ್ಲಿ ಕಾರ್ಖಾನೆ ತೆರೆಯಿತು, ಭಾರತ್‌ಬೆಂಝ್ ಬರುವುದು ಅಲ್ಲಿಂದ. ಸ್ಕ್ಯಾನಿಯಾ ಕೋಲಾರದ ನರಸಾಪುರಕ್ಕೆ ಬಂತು. ಅಂದರೆ ನಿಮ್ಮ ಚಿಕ್ಕಪ್ಪ ಮೆಚ್ಚುವ ಲಾರಿಯ ನಟ್ಟು ಬಿಗಿದ ಹುಡುಗ ಅರಸೀಕೆರೆಯವನೋ ಕಡೂರಿನವನೋ ಇರಬಹುದು.

ಇದು ಹೊಸದೂ ಅಲ್ಲ. ಟಾಟಾದವರು 1954ರಲ್ಲಿ ಲಾರಿ ಶುರುಮಾಡಿದ್ದೇ ಮರ್ಸಿಡಿಸ್-ಬೆಂಝ್ ಜೊತೆಗಿನ ಒಪ್ಪಂದದಲ್ಲಿ. ಅದು 1969ರವರೆಗೆ ಇತ್ತು. ಅಶೋಕ್ ಲೇಲ್ಯಾಂಡ್ ಹೆಸರಿನ ಅರ್ಧ ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿಯದು. ಐಷರ್ ಕ್ಯಾಂಟರ್ ಬಂದದ್ದು ಜಪಾನಿನ ಮಿತ್ಸುಬಿಷಿ ಜೊತೆಯ ಒಪ್ಪಂದದಿಂದ.

ಹಾಗಾದರೆ ಹಳೆಯ ದೇಶಿ ಲಾರಿ ಯಾಕೆ ಅಷ್ಟು ಒರಟಾಗಿತ್ತು? ಬಹಳ ವರ್ಷ ಪೈಪೋಟಿ ಇರಲಿಲ್ಲ. ಮಾಲೀಕರಿಗೂ ಕಡಿಮೆ ಬೆಲೆಯ, ಎಷ್ಟು ಓವರ್‌ಲೋಡ್ ಹಾಕಿದರೂ ಓಡುವ ಗಾಡಿಯೇ ಬೇಕಿತ್ತು. ಕಂಪನಿ ಬರೀ ಚಾಸಿ ಕೊಡುತ್ತಿತ್ತು. ಕ್ಯಾಬಿನ್, ಬಾಡಿ ಎಲ್ಲ ಹೊರಗೆ ಮರ ತಗಡಿನಲ್ಲಿ ಕಟ್ಟಿಸುತ್ತಿದ್ದೆವು. ಡ್ರೈವರ್ ಸೀಟಿನ ಕೆಳಗೆ ಇಂಜಿನ್ ಕಾವು, ಮೇಲೆ ಬಿಸಿಲು. ಹೊಸ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯ ಆದದ್ದೇ 2025ರ ಅಕ್ಟೋಬರ್‌ನಿಂದ. ಡ್ರೈವರ್ ಕೂಡ ಮನುಷ್ಯ ಅಂತ ಕಾನೂನು ಹೇಳುವುದಕ್ಕೆ ಅಷ್ಟು ವರ್ಷ ಬೇಕಾಯಿತು. ಇದರಲ್ಲಿ ಯೂನಿಯನ್‌ನ ತಪ್ಪು ಎಲ್ಲಿದೆ ಹೇಳಿ.

ಈಗ ಈ ಲಾರಿಗಳ ತವರನ್ನು ನೋಡಿ. ಸ್ವೀಡನ್ ಮತ್ತು ಜರ್ಮನಿ. ಕಾರ್ಮಿಕ ಸಂಘಟನೆ ತುಂಬಾ ಗಟ್ಟಿಯಾಗಿರುವ ದೇಶಗಳು ಇವು. ಜರ್ಮನಿಯಲ್ಲಿ 1976ರ ಕಾನೂನಿನ ಪ್ರಕಾರ 2,000ಕ್ಕಿಂತ ಜಾಸ್ತಿ ಕೆಲಸಗಾರರಿರುವ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ಕೆಲಸಗಾರರ ಕಡೆಯವರಿಗೆ. ಮತ ಸಮ ಆದರೆ ಅಧ್ಯಕ್ಷರ ಮಾತು ನಡೆಯುತ್ತದೆ, ಅವರು ಸಾಮಾನ್ಯವಾಗಿ ಮಾಲೀಕರ ಕಡೆಯವರು. ಆದರೂ ಮೇಜಿನ ಮುಂದೆ ಕೂರುವ ಹಕ್ಕಿದೆ ಅಲ್ವಾ? ಐಜಿ ಮೆಟಾಲ್ ಅನ್ನುವ ಯೂನಿಯನ್ ಅಲ್ಲಿನ ವಾಹನ ಕಾರ್ಖಾನೆಗಳಲ್ಲೆಲ್ಲ ಇದೆ. ಸ್ವೀಡನ್ನಿನಲ್ಲಿ ಐಎಫ್ ಮೆಟಾಲ್. ವೋಲ್ವೋ ಬೋರ್ಡ್‌ನಲ್ಲೂ ಕೆಲಸಗಾರರ ಪ್ರತಿನಿಧಿಗಳು ಕೂರುತ್ತಾರೆ. ಯೂನಿಯನ್ ಇದ್ದರೆ ಕ್ವಾಲಿಟಿ ಬರಲ್ಲ ಅನ್ನುವುದಾದರೆ ಆ ಎರಡು ದೇಶಗಳಿಂದ ಒಂದು ಒಳ್ಳೆಯ ಲಾರಿಯೂ ಬರಬಾರದಿತ್ತು.

ಇದಕ್ಕಿಂತ ದೊಡ್ಡ ಸಾಕ್ಷಿ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಇತ್ತು. ಹೆಸರು ತುಂಬಾ ಕೆಟ್ಟಿತ್ತು. ದಿನಕ್ಕೆ ಸುಮಾರು ಐದರಲ್ಲಿ ಒಬ್ಬ ಕೆಲಸಕ್ಕೆ ಚಕ್ಕರ್. ಕುಡಿತ, ಜಗಳ, ಆಗಾಗ ದಿಢೀರ್ ಮುಷ್ಕರ. 1982ರಲ್ಲಿ ಬಾಗಿಲು ಹಾಕಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದೇ ಜಾಗದಲ್ಲಿ ನುಮ್ಮಿ ಅನ್ನುವ ಹೆಸರಿನಲ್ಲಿ ಮತ್ತೆ ಶುರುಮಾಡಿದರು. ಹೆಚ್ಚಿನ ಕೆಲಸಗಾರರು ಹಳಬರೇ. ಯೂನಿಯನ್ನೂ ಅದೇ, ಅಮೆರಿಕದ ವಾಹನ ಕೆಲಸಗಾರರ ಯುಎಡಬ್ಲ್ಯೂ. ಬದಲಾದದ್ದು ನಡೆಸುವ ರೀತಿ. ಕೆಲಸಗಾರರ ತಂಡಗಳನ್ನು ಜಪಾನಿಗೆ ಕಳಿಸಿ ಕೆಲಸ ತೋರಿಸಿದರು. ಗಾಡಿ ಜೋಡಿಸುತ್ತಾ ಸಾಗುವ ಲೈನ್ ಪಕ್ಕದಲ್ಲಿ ಒಂದು ಹಗ್ಗ. ತಪ್ಪು ಕಂಡರೆ ಯಾರು ಬೇಕಾದರೂ ಎಳೆಯಬಹುದು. ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಆಗಲೂ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಳೆಯ ಕಾಲದಲ್ಲಿ ಲೈನ್ ನಿಲ್ಲಿಸುವುದು ಅಪರಾಧ. ಅದರ ಜೊತೆ ಒಂದು ಮಾತೂ ಕೊಟ್ಟಿದ್ದರು: ಮಾರಾಟ ಕುಸಿದರೆ ಮೊದಲು ಜನರನ್ನು ಮನೆಗೆ ಕಳಿಸುವುದಿಲ್ಲ ಅಂತ. 1980ರ ದಶಕದ ಕೊನೆಯಲ್ಲಿ ಮಾರಾಟ ಇಳಿದಾಗ ಆ ಮಾತು ಉಳಿಸಿಕೊಂಡರು, ಜನರಿಗೆ ತರಬೇತಿ ಕೊಟ್ಟು ಇಟ್ಟುಕೊಂಡರು. ಸ್ವಲ್ಪ ಕಾಲದಲ್ಲೇ ಅಲ್ಲಿನ ಗಾಡಿಗಳು ಜಪಾನಿನ ಗಾಡಿಗಳ ಪಕ್ಕ ನಿಲ್ಲುವ ಹಾಗಾದವು. ಮುಂದೆ ಟೊಯೋಟಾದ ಪಿಕಪ್ ಟ್ರಕ್‌ಗಳೂ ಅಲ್ಲೇ ತಯಾರಾದವು. 2010ರಲ್ಲಿ ಆ ಕಾರ್ಖಾನೆ ಮುಚ್ಚಿತು, ಈಗ ಅಲ್ಲಿ ಟೆಸ್ಲಾ ಇದೆ.

ಅದೇ ಜನ, ಅದೇ ಯೂನಿಯನ್. ತಪ್ಪು ಕಂಡವನಿಗೆ ಬಾಯಿ ಬಿಡುವ ಧೈರ್ಯ ಬಂದ ಮೇಲೆ ಗಾಡಿ ಬದಲಾಯಿತು. ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ.

ನಾನಿದ್ದ ಕಾರ್ಖಾನೆಯಲ್ಲಿ ನನ್ನ ಕೆಲಸ ಹಿಂದಿನ ಆಕ್ಸಲ್‌ಗೆ ಯು-ಬೋಲ್ಟ್, ಅಂದರೆ ಆಕ್ಸಲನ್ನು ಸ್ಪ್ರಿಂಗ್ ಪ್ಲೇಟಿಗೆ ಕಟ್ಟಿಹಿಡಿಯುವ ಬೋಲ್ಟ್, ಕೂರಿಸುವುದು. ನಟ್ಟು ಬಿಗಿಯುವ ಮೆಷಿನ್ ಸರಿಯಾದ ಟಾರ್ಕ್, ಅಂದರೆ ಬೇಕಾದಷ್ಟು ಬಿಗಿ, ಬಂದಾಗ ಹಸಿರು ದೀಪ ಹಾಕುತ್ತದೆ. ಒಂದು ದಿನ ದೀಪ ಹಸಿರಾದರೂ ಕೈಗೆ ಬಿಗಿ ಸಾಲದು ಅನ್ನಿಸಿತು. ಕೈ ಟಾರ್ಕ್ ರೆಂಚ್ ಹಾಕಿ ನೋಡಿದೆ, ನಟ್ಟು ಇನ್ನೂ ತಿರುಗುತ್ತಿತ್ತು. ಲೈನ್ ಲೀಡರ್‌ಗೆ ಹೇಳಿದೆ. "ಟಾರ್ಗೆಟ್ ಇದೆ, ಬಿಡು, ಮುಂದೆ ಚೆಕ್ ಮಾಡ್ತಾರೆ" ಅಂದರು. ನನ್ನ ಮುಂದೆಯೇ ಸ್ಟಾಪ್ ಬಟನ್ ಇತ್ತು. ಕಾಂಟ್ರಾಕ್ಟ್ ಹುಡುಗ ಅದನ್ನು ಒತ್ತಿದರೆ ನಾಳೆ ಗೇಟ್ ಪಾಸ್ ಇರುವುದಿಲ್ಲ, ಅದು ನಮಗೆಲ್ಲ ಗೊತ್ತಿತ್ತು. ಪಕ್ಕದ ಸ್ಟೇಷನ್‌ನಲ್ಲಿ ಮಂಡ್ಯ ಕಡೆಯ ಒಬ್ಬ ಅಣ್ಣ ಇದ್ದರು. ಪರ್ಮನೆಂಟ್, ಯೂನಿಯನ್ ಕಮಿಟಿಯಲ್ಲೂ ಇದ್ದವರು. ಅವರು ಬಂದು ರೆಂಚ್ ಹಿಡಿದು ನೋಡಿ, ಏನೂ ಮಾತಾಡದೆ ಬಟನ್ ಒತ್ತಿದರು. ಲೈನ್ ನಿಂತಿತು. ಸೂಪರ್‌ವೈಸರ್ ಕೂಗಾಡಿದರು. ಮೆಷಿನ್ ಬಿಚ್ಚಿ ನೋಡಿದಾಗ ಸೆಟ್ಟಿಂಗ್ ಜಾರಿತ್ತು. ಆಗಲೇ ಮುಂದೆ ಹೋಗಿದ್ದ ಚಾಸಿಗಳನ್ನೆಲ್ಲ ವಾಪಸ್ ತಂದು ಮತ್ತೆ ಬಿಗಿದೆವು. ಆ ಅಣ್ಣನಿಗೆ ಏನೂ ಆಗಲಿಲ್ಲ, ಯಾಕೆಂದರೆ ಅವರ ಹಿಂದೆ ಯೂನಿಯನ್ ಇತ್ತು.

ಯು-ಬೋಲ್ಟ್ ಸಡಿಲ ಆದರೆ ಏನಾಗುತ್ತದೆ ಅಂತ ಈಗ ನನ್ನ ಗ್ಯಾರೇಜಿನಲ್ಲಿ ನೋಡುತ್ತಿರುತ್ತೇನೆ. ಸ್ಪ್ರಿಂಗ್ ಪ್ಲೇಟ್ ಅಲುಗಾಡಿ ಸೆಂಟರ್ ಬೋಲ್ಟ್ ತುಂಡಾಗುತ್ತದೆ. ಆಕ್ಸಲ್ ಒಂದು ಕಡೆ ಸರಿಯುತ್ತದೆ. ಲೋಡ್ ಹೊತ್ತು ಶಿರಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಹೀಗಾದರೆ ಡ್ರೈವರ್ ಗತಿ ನೀವೇ ಯೋಚಿಸಿ. ಆ ಅಣ್ಣ ಯಾವ ಡ್ರೈವರ್‌ನ ಜೀವ ಉಳಿಸಿದರೋ, ಅವರಿಗೂ ಗೊತ್ತಿಲ್ಲ, ಆ ಡ್ರೈವರ್‌ಗೂ ಗೊತ್ತಿಲ್ಲ.

ಯೂನಿಯನ್‌ನವರೆಲ್ಲ ಸಾಚಾ ಅಂತ ನಾನು ಹೇಳುವುದಿಲ್ಲ. ಕೆಲಸಗಳ್ಳನನ್ನು ಕಾಪಾಡುವ ಲೀಡರ್‌ಗಳನ್ನೂ ನೋಡಿದ್ದೇನೆ. ಪರ್ಮನೆಂಟ್‌ನವರ ಸಂಬಳಕ್ಕೆ ಹೋರಾಡಿ, ಪಕ್ಕದಲ್ಲೇ ಅದೇ ಕೆಲಸ ಮಾಡುವ ಕಾಂಟ್ರಾಕ್ಟ್ ಹುಡುಗರ ಬಗ್ಗೆ ಮಾತೇ ಎತ್ತದ ಯೂನಿಯನ್‌ಗಳೂ ಇವೆ. ಅದು ನನಗೆ ಇವತ್ತಿಗೂ ನೋವಿನ ವಿಷಯ. ಹಾಗಂತ ಯೂನಿಯನ್ನೇ ಬೇಡ ಅಂದರೆ ಬಟನ್ ಒತ್ತುವವರು ಯಾರೂ ಇರುವುದಿಲ್ಲ.

ನಮ್ಮ ಕಣ್ಣೆದುರಿನ ಉದಾಹರಣೆ ಬಿಡದಿ. ಅಲ್ಲಿನ ಟೊಯೋಟಾ ಕಾರ್ಖಾನೆಯಲ್ಲಿ ಯೂನಿಯನ್ ಇದೆ. 2006ರಲ್ಲಿ ಮುಷ್ಕರ ಆಯಿತು. 2020ರ ನವೆಂಬರ್‌ನಲ್ಲಿ ಮತ್ತೆ ಗಲಾಟೆಯಾಗಿ ಲಾಕ್‌ಔಟ್ ಆಯಿತು, ಕೆಲಸದ ಒತ್ತಡ ವಿಪರೀತ ಅನ್ನುವುದು ಕೆಲಸಗಾರರ ದೂರು. ಇಷ್ಟೆಲ್ಲ ಆದ ಕಾರ್ಖಾನೆಯಿಂದಲೇ ಇನ್ನೋವಾ ಬರುವುದು. ಹಾಸನ, ಚಿಕ್ಕಮಗಳೂರಿನ ಟ್ಯಾಕ್ಸಿಯವರನ್ನು ಇನ್ನೋವಾ ಕ್ವಾಲಿಟಿ ಹೇಗೆ ಅಂತ ಕೇಳಿ ನೋಡಿ.

ಇನ್ನು ನಿಮ್ಮ ಲಾರಿಯ ವಿಷಯ. ಗಾಡಿ ಎಷ್ಟೇ ಚೆನ್ನಾಗಿರಲಿ, ಹಿಂದೆ ಸರ್ವಿಸ್ ಇಲ್ಲದಿದ್ದರೆ ಮಾಲೀಕ ಒದ್ದಾಡಬೇಕು. ಜರ್ಮನಿಯ ಮ್ಯಾನ್ ಕಂಪನಿ 2018ರಲ್ಲಿ ಇಲ್ಲಿ ಲಾರಿ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ಸ್ಕ್ಯಾನಿಯಾ ನರಸಾಪುರದ ಬಸ್ ತಯಾರಿಕೆ ನಿಲ್ಲಿಸಿತು. ಆದ್ದರಿಂದ ಬುಕ್ ಮಾಡುವ ಮುಂಚೆ ಹಾಸನ ಅಥವಾ ಮಂಗಳೂರಿನಲ್ಲಿ ಅವರ ಸರ್ವಿಸ್ ಇದೆಯಾ, ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್ ಎಷ್ಟು ದಿನಕ್ಕೆ ಸಿಗುತ್ತದೆ ಅಂತ ಅಲ್ಲಿಗೇ ಹೋಗಿ ಕೇಳಿ. ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬಂದ ಮೇಲೆ ಸೆನ್ಸರ್, ಯೂರಿಯಾ ಟ್ಯಾಂಕು ಅಂತ ಎಲ್ಲ ಸೂಕ್ಷ್ಮ. ರಸ್ತೆ ಬದಿಯಲ್ಲಿ ಸ್ಪ್ಯಾನರ್ ಹಿಡಿದು ಸರಿಮಾಡುವ ಕಾಲ ಹೋಯಿತು.

ಕಾಫಿ ಲೋಡು ಮಂಗಳೂರು ಬಂದರಿಗೆ ಹೋಗುವುದಾದರೆ ಭಾರಿ ಲಾರಿಗೆ ಚಾರ್ಮಾಡಿ ನೆಚ್ಚಿಕೊಳ್ಳುವ ಹಾಗಿಲ್ಲ, ಶಿರಾಡಿಯೇ ದಾರಿ. ಉದ್ದದ ಇಳಿಜಾರಿನಲ್ಲಿ ಬರೀ ಕಾಲಿನ ಬ್ರೇಕ್ ನಂಬಿದರೆ ಡ್ರಮ್ ಕಾದು ಲೈನಿಂಗ್ ಹಿಡಿಯುವುದೇ ಇಲ್ಲ. ಹಾಗಾಗಿ ಬೆಲೆಗಿಂತ ಮೊದಲು ಇಂಜಿನ್ ಬ್ರೇಕ್ ಹೇಗಿದೆ, ಕಾಲಿನ ಬ್ರೇಕ್ ಒತ್ತದೆಯೇ ವೇಗ ತಗ್ಗಿಸುವ ರಿಟಾರ್ಡರ್ ಸಿಗುತ್ತದಾ ಅಂತ ಕೇಳಿ. ವಿದೇಶಿ ಲಾರಿಗಳಿಗೆ ಜಾಸ್ತಿ ದುಡ್ಡು ಕೊಡುವುದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಇದೇ. ಡೀಸೆಲ್ ಉಳಿಸೋಣ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸ ಡ್ರೈವರ್‌ಗೆ ಇದ್ದರೆ ಮೊದಲು ಅದನ್ನು ಬಿಡಿಸಿ, ಆಮೇಲೆ ಯಾವ ಕಂಪನಿ ಅಂತ ನೋಡೋಣ. ಸಾಧ್ಯವಾದರೆ ಡೀಲರ್ ಹತ್ತಿರ ಹಟ ಹಿಡಿದು ಲೋಡ್ ಸಮೇತ ಶಿರಾಡಿಯ ಬುಡದ ಗುಂಡ್ಯದಿಂದ ಮೇಲಿನ ದೋಣಿಗಾಲ್‌ವರೆಗೆ ಹತ್ತಿಸಿ, ಇಳಿಸಿ ನೋಡಿ. ನಿಮ್ಮ ಡ್ರೈವರನ್ನೇ ಕೂರಿಸಿ, ಶೋರೂಮಿನವರನ್ನಲ್ಲ. ಯಾವ ಲೋಡು, ಎಷ್ಟು ಟನ್ನು, ವಾಪಸ್ ಬರುವಾಗ ಏನು ತರುತ್ತೀರಿ ಅಂತ ಬರೆದರೆ, ಎಷ್ಟು ಚಕ್ರದ ಗಾಡಿ ಸಾಕು ಅನ್ನುವುದನ್ನೂ ಹೇಳುತ್ತೇನೆ.