ಹುಬ್ಬಳ್ಳಿ ವಾರ್ಡ್ ಬಿಡುವ ಮುಂಚೆ ಸ್ಟೆಪ್ ಒನ್ ಮುಗಿಸಿಬಿಡು

ತಂಗಿ, ನೀನು ಉದ್ದಕ್ಕೆ ಬರೆದಿದ್ದೀಯ, ಆದರೆ ಕೇಳಿರೋದು ಮೂರೇ ಮಾತು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಯುತ್ತಾ ಬಂತು, ಅಮೆರಿಕದಲ್ಲಿ ಡಾಕ್ಟರ್ ಆಗೋಕೆ ಬರೆಯಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಯ ಮೊದಲ ಹಂತ, ಸ್ಟೆಪ್ ಒನ್, ಧಾರವಾಡದ ಮನೆಯಲ್ಲೇ ಓದಿ ಬರೆಯಲಾ ಅಥವಾ ಅಮೆರಿಕಕ್ಕೆ ಬಂದು ಬರೆಯಲಾ? ಫಾರ್ಮಕಾಲಜಿ, ಪೆಥಾಲಜಿ ಎರಡೂ ಮರೆತುಹೋಗಿದೆ, ಎಲ್ಲಿಂದ ಶುರು ಮಾಡಲಿ? ಅಮೆರಿಕದಲ್ಲಿ ಜೀವನ ಹೇಗಿರುತ್ತೆ?

ಊರಲ್ಲೇ ಇದ್ದು ಬರಿ. ಈ ಪರೀಕ್ಷೆ ನಡೆಸುವ ಪ್ರೊಮೆಟ್ರಿಕ್ ಸೆಂಟರ್ ಬೆಂಗಳೂರಿನಲ್ಲೇ ಇದೆ. ಅಮೆರಿಕದ ಹೊರಗೆ ಬರೆಯುವವರು ಫೀ ಮೇಲೆ ಸ್ವಲ್ಪ ಜಾಸ್ತಿ ದುಡ್ಡು ಕಟ್ಟಬೇಕು, ನಿಜ, ಆದರೆ ಇಲ್ಲಿ ಅಮೆರಿಕದಲ್ಲಿ ಕೆಲಸವಿಲ್ಲದೆ ಕೂತು ಓದುವಾಗ ಆಗುವ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. 2022ರ ಜನವರಿಯಿಂದ ಸ್ಟೆಪ್ ಒನ್‌ಗೆ ಅಂಕ ಕೊಡುವುದಿಲ್ಲ, ಪಾಸ್ ಅಥವಾ ಫೇಲ್ ಅಷ್ಟೇ. ಹಾಗಂತ ಹಗುರವಾಗಿ ತಗೋಬೇಡ. ಫೇಲ್ ಆದರೆ ಅದು ದಾಖಲೆಯಲ್ಲಿ ಉಳಿಯುತ್ತೆ, ರೆಸಿಡೆನ್ಸಿಗೆ (ಇಲ್ಲಿಯ ಪಿಜಿ ಟ್ರೇನಿಂಗ್‌ಗೆ) ಆರಿಸುವವರು ಅದನ್ನು ನೋಡೇ ನೋಡುತ್ತಾರೆ. ಒಂದೇ ದಿನ, 8 ಗಂಟೆ, ಹೆಚ್ಚೆಂದರೆ 280 ಪ್ರಶ್ನೆ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡ.

ಆದರೆ ಅಲ್ಲೇ ಬರಿ ಅನ್ನೋದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ನಿನಗೆ ಮರೆತಿಲ್ಲ. ಎರಡನೇ ವರ್ಷದ ನೋಟ್ಸ್ ಮರೆತಿರಬಹುದು, ವಾರ್ಡ್ ಮರೆತಿರಲ್ಲ.

ಹಾವೇರಿ, ಬ್ಯಾಡಗಿ ಕಡೆಯಿಂದ ರಾತ್ರೋರಾತ್ರಿ ಬರುವ, ಬೆಳೆಗೆ ಹೊಡೆಯೋ ಎಣ್ಣೆ ಕುಡಿದ ಕೇಸ್ ನೆನಪು ಮಾಡಿಕೋ. ಬಾಯಿ ತುಂಬ ಜೊಲ್ಲು, ಎದೆಯಲ್ಲಿ ಗೊರಗೊರ, ಕಣ್ಣಪಾಪೆ ಚಿಕ್ಕದಾಗಿಬಿಟ್ಟಿದೆ, ತೊಡೆಯ ಸ್ನಾಯು ತನ್ನಷ್ಟಕ್ಕೆ ಅದುರುತ್ತಿದೆ. ನೀನು 0.6 ಮಿಲಿಗ್ರಾಂನ ಅಟ್ರೋಪಿನ್ ಆಂಪೂಲ್‌ಗಳನ್ನು ಒಂದರ ಹಿಂದೆ ಒಂದು ಒಡೆಯುತ್ತಿದ್ದೀಯ. ಸೀನಿಯರ್ ಬಂದು ಮೊದಲು ಸ್ಟೆತ್ ಎದೆಗೆ ಇಡುತ್ತಾರೆ, ಕಣ್ಣಪಾಪೆ ಆಮೇಲೆ ನೋಡುತ್ತಾರೆ. ಯಾಕೆ? ಅಟ್ರೋಪಿನ್ ಸಾಕಾಯಿತು ಅಂತ ಹೇಳೋದು ಎದೆ ಒಣಗಿದಾಗ, ಕಣ್ಣಪಾಪೆ ಅಗಲವಾದಾಗ ಅಲ್ಲ. ಅಷ್ಟೆಲ್ಲ ಕೊಟ್ಟರೂ ಸ್ನಾಯು ಅದುರೋದು ನಿಲ್ಲಲ್ಲ, ಕುತ್ತಿಗೆ ಎತ್ತೋಕೆ ಆಗಲ್ಲ, ಯಾಕಂದರೆ ಅಟ್ರೋಪಿನ್ ಜೊಲ್ಲು, ಕಫ ಹೆಚ್ಚಿಸುವ ಮಸ್ಕರಿನಿಕ್ ರಿಸೆಪ್ಟರ್ ಮಾತ್ರ ತಡೆಯುತ್ತೆ, ಸ್ನಾಯುವಿನಲ್ಲಿರುವ ನಿಕೋಟಿನಿಕ್ ಕಡೆ ಹೋಗೋದೇ ಇಲ್ಲ. ಅದಕ್ಕೆ ಎನ್‌ಜೈಮ್‌ನಿಂದ ವಿಷ ಬಿಡಿಸುವ ಪ್ರಾಲಿಡಾಕ್ಸಿಮ್ (ಪ್ಯಾಮ್), ಅದೂ ವಿಷ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಮುಂಚೆ. ಸ್ಟೆಪ್ ಒನ್ ಕೇಳೋದು ಇದನ್ನೇ: ರೈತ, ಜೊಲ್ಲು, ಅಟ್ರೋಪಿನ್ ಕೊಟ್ಟಾಯಿತು, ಯಾವ ಲಕ್ಷಣ ಉಳಿಯುತ್ತೆ? ಇಲ್ಲಿಯ ಹುಡುಗರು ಇದನ್ನು ಅಕ್ಷರ ಜೋಡಿಸಿ ಬಾಯಿಪಾಠ ಮಾಡುತ್ತಾರೆ. ನೀನು ಕೈಯಾರೆ ಮಾಡಿದ್ದೀಯ. (ಪ್ಯಾಮ್‌ನಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ನಮ್ಮ ಕಡೆ ವಾದ ನಡೆಯುತ್ತೆ ಅಲ್ವಾ, ಆ ವಾದ ಪರೀಕ್ಷೆ ಹಾಲ್‌ಗೆ ಒಯ್ಯಬೇಡ. ಅಲ್ಲಿ ಉತ್ತರ ಅಟ್ರೋಪಿನ್ ಜೊತೆಗೆ ಪ್ರಾಲಿಡಾಕ್ಸಿಮ್.)

ಟಿಬಿಯನ್ನೂ ಹೀಗೇ ಹಿಡಿ. ಔಷಧದ ಪಟ್ಟಿ ಒಂದು ಕಡೆ, ಸ್ಲೈಡ್ ಇನ್ನೊಂದು ಕಡೆ ಇಟ್ಟುಕೊಂಡು ಓದಿದರೆ ಎರಡೂ ನಿಲ್ಲಲ್ಲ. ಮೊದಲು ಸ್ಲೈಡ್: ನಡುವೆ ಸತ್ತುಹೋದ ಗುಲಾಬಿ ಭಾಗ, ಸುತ್ತ ಎಪಿಥೆಲಿಯಾಯ್ಡ್ ಮ್ಯಾಕ್ರೊಫೇಜ್, ಅಂಚಿನಲ್ಲಿ ಕುದುರೆ ಲಾಳದ ಹಾಗೆ ನ್ಯೂಕ್ಲಿಯಸ್ ಜೋಡಿಸಿಕೊಂಡ ಲ್ಯಾಂಗ್‌ಹಾನ್ಸ್ ಜೈಂಟ್ ಸೆಲ್. ಈ ಗಂಟು, ಅಂದರೆ ಗ್ರಾನ್ಯುಲೋಮಾ, ಒಡೆಯದಂತೆ ಹಿಡಿದಿಡೋದು ಟಿಎನ್‌ಎಫ್ ಆಲ್ಫಾ ಅನ್ನೋ ಪ್ರೋಟೀನ್. ಹಾಗಾದರೆ ಕೀಲುವಾತಕ್ಕೆ ಈ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರೆ ಏನಾಗುತ್ತೆ? ಮಲಗಿದ್ದ ಟಿಬಿ ಏಳುತ್ತೆ, ಅದಕ್ಕೇ ಕೊಡುವ ಮುಂಚೆ ಟಿಬಿ ಟೆಸ್ಟ್. ನೋಡು, ಪೆಥಾಲಜಿ ಓದುತ್ತಾ ಫಾರ್ಮಕಾಲಜಿಗೆ ಬಂದುಬಿಟ್ಟೆ. ಆಮೇಲೆ ಮಾತ್ರೆಗಳು. "ಡಾಕ್ಟ್ರೇ, ಮೂತ್ರ ಕೆಂಪಗೆ ಬರ್ತಾ ಇದೆ" ಅಂತ ಗಾಬರಿಯಾಗಿ ಬಂದವರಿಗೆ ರಿಫಾಂಪಿಸಿನ್ ಬಗ್ಗೆ ನೀನೇ ಸಮಾಧಾನ ಹೇಳಿರುತ್ತೀಯ. ಅದೇ ರಿಫಾಂಪಿಸಿನ್ ಲಿವರ್‌ನಲ್ಲಿ ಔಷಧ ಕರಗಿಸುವ ಪಿ450 ಎನ್‌ಜೈಮ್‌ಗಳನ್ನು ಹೆಚ್ಚಿಸುತ್ತೆ, ಹಾಗಾಗಿ ಗರ್ಭನಿರೋಧಕ ಮಾತ್ರೆ ಕೈಕೊಡುತ್ತೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಸಾಲದೆ ಹೋಗುತ್ತೆ. ಪಾದ ಜೋಮು ಹಿಡಿದರೆ ಐಸೋನಿಯಜಿಡ್, ಕೊಡಬೇಕಾದದ್ದು ಬಿ6. ಕೆಂಪು ಹಸಿರು ಗೊತ್ತಾಗದಿದ್ದರೆ ಎಥಾಂಬುಟಾಲ್. ಯೂರಿಕ್ ಆಸಿಡ್ ಏರಿದರೆ ಪೈರಜಿನಮೈಡ್. ಪ್ರತಿಯೊಂದಕ್ಕೂ ನೀನು ನೋಡಿದ ಒಬ್ಬ ರೋಗಿಯ ಮುಖ ಸೇರಿಸಿಕೊಂಡು ಹೋಗು.

ಹಾಗಾದರೆ ಕೂತು ಓದಬೇಕಾದದ್ದು ಯಾವುದು? ನೀನು ನೋಡದೇ ಇರುವುದು. ಸಿಸ್ಟಿಕ್ ಫೈಬ್ರೋಸಿಸ್, ಸಾರ್ಕಾಯ್ಡ್, ಲೈಮ್ ಕಾಯಿಲೆ, ಇಲ್ಲಿಯ ಫಂಗಸ್‌ಗಳು. ನಾನಿರುವ ಒಹಾಯೊದಲ್ಲಿ ಎದೆ ಎಕ್ಸ್-ರೇಯಲ್ಲಿ ಸುಣ್ಣಗಟ್ಟಿದ ಚಿಕ್ಕ ಗಂಟು ಕಂಡರೆ ಹುಬ್ಬಳ್ಳಿ ಕಣ್ಣಿಗೆ ಅದು ಹಳೆಯ ಟಿಬಿ. ಇಲ್ಲಿ ಹುಟ್ಟಿ ಬೆಳೆದವರಿಗೆ ಅದು ಹಳೆಯ ಹಿಸ್ಟೋಪ್ಲಾಸ್ಮೋಸಿಸ್, ಒಂದು ಫಂಗಸ್ ಕಾಯಿಲೆ. ಒಹಾಯೊ, ಮಿಸಿಸಿಪಿ ನದಿ ಬಯಲಿನ ಮಣ್ಣಿನಲ್ಲಿ, ಹಕ್ಕಿ ಬಾವಲಿ ಹಿಕ್ಕೆಯಲ್ಲಿ ಆ ಫಂಗಸ್ ಇರುತ್ತೆ, ಮ್ಯಾಕ್ರೊಫೇಜ್ ಒಳಗೆ ಚಿಕ್ಕ ಚಿಕ್ಕ ಯೀಸ್ಟ್ ಕಾಣುತ್ತೆ. ಪ್ರಶ್ನೆಯಲ್ಲಿ ಗುಹೆ ಅಥವಾ ಕೋಳಿಗೂಡು ಬಂದರೆ ಇದು, ಅರಿಜೋನಾ ಮರುಭೂಮಿ ಬಂದರೆ ಕಾಕ್ಸಿಡಿಯಾಯ್ಡಿಸ್ ಅನ್ನೋ ಇನ್ನೊಂದು ಫಂಗಸ್. ಕೇಸಿಯೇಷನ್ (ನಡುವೆ ಸತ್ತ ಭಾಗ) ಇಲ್ಲದ ಗ್ರಾನ್ಯುಲೋಮಾ, ಜೊತೆಗೆ ಕ್ಯಾಲ್ಸಿಯಂ ಏರಿದ್ದರೆ ಸಾರ್ಕಾಯ್ಡ್ ಕಡೆ ನೋಡು. ಮುಂಡರಗಿ ಕಡೆ ನೀರಿನ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್ ನಿನಗೆ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ ಇಲ್ಲಿ ಅದಕ್ಕೆ ಗಿರಾಕಿ ಇಲ್ಲ.

ಕೆಲವು ಔಷಧದ ಹೆಸರು ಇಲ್ಲಿ ಬೇರೆ: ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೋಫೆನ್, ಸಾಲ್ಬ್ಯುಟಮಾಲ್ ಇಲ್ಲಿ ಆಲ್ಬ್ಯುಟೆರಾಲ್. ಒಂದು ಸಂಜೆ ಕೂತರೆ ಮುಗಿಯುತ್ತೆ.

ಪ್ರಶ್ನೆ ಬ್ಯಾಂಕ್ ಒಂದೇ ತಗೋ, ಎರಡು ಬೇಡ. ತಪ್ಪಾದ ಉತ್ತರಕ್ಕೆ ಯಾಕೆ ತಪ್ಪು ಅಂತ ಒಂದು ಸಾಲಿನ ಕಾರ್ಡ್ ಬರೆದಿಡು, ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್‌ನಲ್ಲಿ ಹೋಗುವಾಗ ತಿರುವಿ ಹಾಕು. ವಿದ್ಯಾನಗರದಲ್ಲಿ ಇಳಿಯೋ ಹೊತ್ತಿಗೆ ಒಂದು ಕಟ್ಟು ಮುಗಿದಿರುತ್ತೆ.

ಇನ್ನು ಜೀವನ. ರೆಸಿಡೆನ್ಸಿಯಲ್ಲಿ ವಾರಕ್ಕೆ ಸರಾಸರಿ 80 ಗಂಟೆ ದಾಟಬಾರದು ಅಂತ ನಿಯಮ ಇದೆ, ಅಂದರೆ ಅದರ ಹತ್ತಿರ ಹತ್ತಿರ ದುಡಿಸುತ್ತಾರೆ ಅಂತಲೇ ಅರ್ಥ. ಚಳಿಗೆ ಒಗ್ಗಿಕೊಳ್ಳುತ್ತೀಯ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ, ಹಳೇ ಹಿಟ್ಟು, ರೊಟ್ಟಿ ಬಡಿಯೋಕೆ ಹೋದರೆ ಹರಿಯುತ್ತೆ. ಕಷ್ಟ ಅದಲ್ಲ. ಮ್ಯಾಚ್ ಆಗುವ, ಅಂದರೆ ರೆಸಿಡೆನ್ಸಿ ಸೀಟು ಸಿಗುವ ತನಕ ಸಂಬಳವಿಲ್ಲದೆ ಆಸ್ಪತ್ರೆಯಲ್ಲಿ ಸುಮ್ನೆ ನಿಂತು ನೋಡುವ ಅಬ್ಸರ್ವರ್‌ಶಿಪ್ ತಿಂಗಳುಗಳು ಕಷ್ಟ. ರೋಗಿಯನ್ನು ಮುಟ್ಟುವ ಹಾಗಿಲ್ಲ. ಕಿಮ್ಸ್‌ನಲ್ಲಿ ರಾತ್ರಿಯಿಡೀ ಓಡಾಡಿದವಳಿಗೆ ಕೈ ಕಟ್ಟಿ ನಿಲ್ಲೋದು ಬಹಳ ಚುಚ್ಚುತ್ತೆ. ಸ್ಟೆಪ್ ಒನ್ ತಲೆ ಮೇಲಿಂದ ಇಳಿದಿದ್ದರೆ ಅದನ್ನು ತಡೆದುಕೊಳ್ಳಬಹುದು, ಇಲ್ಲದಿದ್ದರೆ ಎರಡೂ ಕೆಡುತ್ತೆ. ವೀಸಾ ವಿಚಾರ ಮುಂದೆ ಮಾತಾಡೋಣ, ಈಗ ಇಷ್ಟು ತಿಳಿದಿರಲಿ: ಜೆ-1 ವೀಸಾ ಆದರೆ ಟ್ರೇನಿಂಗ್ ಮುಗಿದ ಮೇಲೆ ಎರಡು ವರ್ಷ ಊರಿಗೆ ಹೋಗಿರಬೇಕು, ಇಲ್ಲವೇ ಡಾಕ್ಟರ್ ಕೊರತೆ ಇರುವ ಕಡೆ ಕೆಲಸ ಮಾಡಿ ವಿನಾಯಿತಿ ಪಡೀಬೇಕು. ಎಚ್-1ಬಿ ವೀಸಾ ಬೇಕಂದರೆ ಇದೇ ಪರೀಕ್ಷೆಯ ಕೊನೆಯ ಹಂತ, ಸ್ಟೆಪ್ ತ್ರೀ, ಮೊದಲೇ ಮುಗಿದಿರಬೇಕು.

ಈ ವಾರವೇ ಮಾಡಬೇಕಾದದ್ದು ಒಂದಿದೆ. ನಮ್ಮ ಕಡೆ ಅಡ್ಡಹೆಸರು ಮಾರ್ಕ್ಸ್ ಕಾರ್ಡ್‌ನಲ್ಲಿ ಮೊದಲು, ಪಾಸ್‌ಪೋರ್ಟ್‌ನಲ್ಲಿ ಕೊನೆಗೆ, ನಡುವೆ ಅಪ್ಪನ ಹೆಸರು ಒಮ್ಮೆ ಪೂರ್ತಿ, ಒಮ್ಮೆ ಬರೀ ಅಕ್ಷರ. ಪರೀಕ್ಷೆ ಪರ್ಮಿಟ್‌ನ ಹೆಸರೂ ಪಾಸ್‌ಪೋರ್ಟ್ ಹೆಸರೂ ಒಂದೇ ಇರಬೇಕು, ಇಲ್ಲದಿದ್ದರೆ ಸೆಂಟರ್ ಬಾಗಿಲಲ್ಲೇ ತಡೆಯುತ್ತಾರೆ. ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡು. ವ್ಯತ್ಯಾಸ ಇದ್ದರೆ ಅರ್ಜಿ ಹಾಕುವ ಮುಂಚೆಯೇ ಸರಿ ಮಾಡಿಸು. ಕಾಲೇಜ್ ಆಫೀಸ್, ಪಾಸ್‌ಪೋರ್ಟ್ ಆಫೀಸ್ ಅಂತ ಓಡಾಡೋಕೆ ನೀನು ಊರಲ್ಲಿರುವಾಗಲೇ ಸುಲಭ.