ದೋಷ ತೋರಿಸಿದವರು ದುರಸ್ತಿಗೂ ಕೈಜೋಡಿಸಬೇಕೇ?

ಪ್ರಶ್ನೆ: ಗೂಗಲ್‌ನ ಎಐ ಉಪಕರಣವೊಂದು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದಲ್ಲಿ ಭದ್ರತಾ ದೋಷ ಪತ್ತೆ ಮಾಡಿ ತಿಳಿಸಿದಾಗ, ಆ ಯೋಜನೆಯವರು 2025ರಲ್ಲಿ ಬಹಿರಂಗವಾಗಿ ಆಕ್ಷೇಪ ಎತ್ತಿದರೆಂದು ಓದಿದೆ. ಹಣ ಕೇಳದೆ ತಪ್ಪು ತೋರಿಸಿಕೊಟ್ಟವರ ಮೇಲೆ ಅಸಮಾಧಾನವೇಕೆ? ನಮ್ಮ ಕಂಪನಿಯೂ ಇಂತಹ ವರದಿಗಳನ್ನು ಕಳುಹಿಸಲು ಹೊರಟಿದೆ. ನಾವು ಏನನ್ನು ಗಮನಿಸಬೇಕು?
– ಭದ್ರತಾ ವಿಭಾಗದ ಉದ್ಯೋಗಿ, ಬೆಂಗಳೂರು

ಉತ್ತರ: ವಿಡಿಯೊ ಮತ್ತು ಧ್ವನಿ ಕಡತಗಳನ್ನು ಓದಿ ಬಿಡಿಸುವ ಎಫ್‌ಎಫ್‌ಎಂಪೆಗ್, ವಿಎಲ್‌ಸಿ ಮತ್ತು ಕ್ರೋಮ್ ಸೇರಿದಂತೆ ಅಸಂಖ್ಯ ತಂತ್ರಾಂಶಗಳ ಒಳಗಿದೆ, ಅದನ್ನು ನೋಡಿಕೊಳ್ಳುವವರಲ್ಲಿ ಬಹುಪಾಲು ಮಂದಿ ಸ್ವಯಂಸೇವಕರು. ಗೂಗಲ್‌ನ ಎಐ ಉಪಕರಣ ‘ಬಿಗ್ ಸ್ಲೀಪ್’ ಅಲ್ಲಿ ಕಂಡುಕೊಂಡ ದೋಷ, 1995ರ ‘ರೆಬೆಲ್ ಅಸಾಲ್ಟ್ 2’ ಆಟದ ವಿಡಿಯೊಗಳಿಗೆ ಬಳಸಿದ್ದ ಲ್ಯೂಕಸ್‌ಆರ್ಟ್ಸ್ ಎಂಬ ಆಟದ ಕಂಪನಿಯ ಸ್ಮಶ್ ಕೊಡೆಕ್ (ವಿಡಿಯೊವನ್ನು ಕುಗ್ಗಿಸಿಟ್ಟು ಮತ್ತೆ ಬಿಡಿಸುವ ವಿಧಾನ) ಅನ್ನು ಓದುವ ಭಾಗದ್ದು. ಬಳಸಿ ಬಿಟ್ಟುಕೊಟ್ಟ ಮೆಮೊರಿಯ ಮೇಲೆ ಮತ್ತೆ ಬರೆಯುವ ಈ ದೋಷ ನಿಜವಾದದ್ದೇ. ಕಡತದ ಹೆಸರು ಏನೇ ಇರಲಿ, ಎಫ್‌ಎಫ್‌ಎಂಪೆಗ್ ಅದರ ಒಳಗನ್ನು ನೋಡಿ ಬಗೆಯನ್ನು ಗುರುತಿಸಬಲ್ಲದಾದ್ದರಿಂದ, ಕೇಡು ಬಗೆಯುವವರು ಇದನ್ನು ಬೇರೆ ಹೆಸರಿನಲ್ಲಿ ಅಡಗಿಸಿ ಕಳುಹಿಸಬಹುದು. ಹಾಗಾಗಿ ಹಳೆಯ ಆಟವೆಂದು ತಳ್ಳಿಹಾಕುವಂತಿರಲಿಲ್ಲ. ಯೋಜನೆಯವರು ಅದನ್ನು ಸರಿಪಡಿಸಿಯೂ ಕೊಟ್ಟರು.

ಅವರ ಅಳಲು ಬೇರೆಯದು, ಮತ್ತು ಅದು ನ್ಯಾಯವಾದದ್ದೆಂದೇ ನಾನು ಭಾವಿಸುತ್ತೇನೆ. ಗೂಗಲ್ ದುರಸ್ತಿಗೆ 90 ದಿನಗಳ ಗಡುವು ಇಡುತ್ತದೆ. 2025ರ ಜುಲೈನಿಂದ, ವರದಿ ಸಲ್ಲಿಸಿದ ಒಂದು ವಾರದೊಳಗೆ ಯಾವ ತಂತ್ರಾಂಶದಲ್ಲಿ ದೋಷ ಸಿಕ್ಕಿದೆ ಎಂಬುದನ್ನು, ತಾಂತ್ರಿಕ ವಿವರಗಳನ್ನು ಬಿಟ್ಟು, ಪ್ರಕಟಿಸುವ ಕ್ರಮವನ್ನೂ ಪ್ರಾಯೋಗಿಕವಾಗಿ ಆರಂಭಿಸಿತು. ಸಂಬಳದ ಸಿಬ್ಬಂದಿಯಿರುವ ಕಂಪನಿಗಳು ಮೈಮರೆಯದಿರಲು ಇದು ಸರಿ. ಆದರೆ ದಿನದ ಉದ್ಯೋಗ ಮುಗಿಸಿ ರಾತ್ರಿ ಕೋಡ್ ತೆರೆಯುವವರ ಮೇಲೂ ಅದೇ ಗಡುವು ಬೀಳುತ್ತದೆ. ಯಂತ್ರವು ದಣಿವಿಲ್ಲದೆ ವರದಿ ಬರೆಯುತ್ತದೆ. ಅದನ್ನು ಓದಿ, ದೋಷವನ್ನು ತಮ್ಮ ಕಂಪ್ಯೂಟರ್‌ನಲ್ಲಿ ಮರುಕಳಿಸಿ ನೋಡಿ, ಮೂಲ ಹುಡುಕಿ, ಹಳೆಯ ಕಡತಗಳು ಕೆಡದಂತೆ ತಿದ್ದುವ ಕೆಲಸ ಮಾತ್ರ ಮನುಷ್ಯರದು. ಎಕ್ಸ್‌ಎಂಎಲ್ ಬಗೆಯ ದತ್ತಾಂಶ ಕಡತಗಳನ್ನು ಓದುವ ಮುಕ್ತ ತಂತ್ರಾಂಶ ಲಿಬ್‌ಎಕ್ಸ್‌ಎಂಎಲ್2ರ ನಿರ್ವಾಹಕರಾಗಿದ್ದ ನಿಕ್ ವೆಲ್ನ್‌ಹೋಫರ್, ವಾರಕ್ಕೆ ಹಲವು ಗಂಟೆಗಳು ಭದ್ರತಾ ವರದಿಗಳಿಗೇ ಹೋಗುತ್ತಿವೆ, ಸಂಬಳವಿಲ್ಲದೆ ಇದು ನಡೆಯದು ಎಂದು 2025ರ ಜೂನ್‌ನಲ್ಲಿ ತಿಳಿಸಿ, ಭದ್ರತಾ ದೋಷಗಳನ್ನೂ ಉಳಿದ ದೋಷಗಳಂತೆಯೇ ನೋಡುವುದಾಗಿ ಹೇಳಿದರು. ಬಳಿಕ ಹೊಣೆಯನ್ನೇ ಬಿಟ್ಟರು.

ನಿಮ್ಮ ಕಂಪನಿ ವರದಿ ಕಳುಹಿಸುವುದು ಖಂಡಿತ ಬೇಕು. ಕಳುಹಿಸುವ ಮುನ್ನ ಇತ್ತೀಚಿನ ಆವೃತ್ತಿಯಲ್ಲಿ ದೋಷ ಇನ್ನೂ ಇದೆಯೇ ಎಂದು ನಿಮ್ಮವರೊಬ್ಬರು ಸ್ವತಃ ಪರೀಕ್ಷಿಸಲಿ. ಅದು ಕಾಣಿಸಿಕೊಳ್ಳುವ ಅತಿ ಚಿಕ್ಕ ಮಾದರಿ ಕಡತವನ್ನೂ, ಸಾಧ್ಯವಾದರೆ ಪರೀಕ್ಷೆ ಸಹಿತ ಪ್ಯಾಚನ್ನೂ (ದೋಷ ಸರಿಪಡಿಸುವ ಕೋಡ್ ತಿದ್ದುಪಡಿ) ಜೊತೆಗಿಡಿ. ನೂರು ವರದಿಗಳನ್ನು ಒಮ್ಮೆಗೇ ಸುರಿಯಬೇಡಿ. ಮರುಪ್ರಶ್ನೆ ಬಂದಾಗ ಉತ್ತರಿಸಲು ಒಬ್ಬ ಎಂಜಿನಿಯರ್‌ಗೆ ಕಚೇರಿಯ ವೇಳೆಯಲ್ಲೇ ಸಮಯ ಕೊಡಿ. ಪ್ಯಾಚ್ ಬರೆಯುವ ಪರಿಣತಿ ನಿಮ್ಮಲ್ಲಿಲ್ಲದಿದ್ದರೆ ಹಣ ಕೊಡಬಹುದು: ನಿಮ್ಮ ಊರಿನದೇ ಆದ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ನೆರವಾಗಲು ವರ್ಷಕ್ಕೆ 10 ಲಕ್ಷ ಡಾಲರ್‌ಗಳ ಫ್ಲಾಸ್ ಫಂಡ್ ಆರಂಭಿಸಿತು, ಅದರ ನೆರವು ಎಫ್‌ಎಫ್‌ಎಂಪೆಗ್‌ಗೂ ಸಂದಿದೆ. ದೋಷ ಹುಡುಕುವ ಸ್ಕ್ಯಾನಿಂಗ್ ಉಪಕರಣಕ್ಕೆ ನಿಮ್ಮವರು ಕಟ್ಟುವ ವಾರ್ಷಿಕ ಶುಲ್ಕದ ಪಕ್ಕದಲ್ಲೇ ಈ ವೆಚ್ಚಕ್ಕೂ ಒಂದು ಸಾಲು ಇರಲೆಂದು ಮುಂದಿನ ಬಜೆಟ್ ಸಭೆಯಲ್ಲಿ ಕೇಳಿ.