ಅಡಿಕೆ ಮೂಟೆ ಹೊತ್ತ ಅಟ್ಟ ಮನುಷ್ಯರನ್ನು ಹೊರುವುದಿಲ್ಲವೇ?

ಮಲೆನಾಡಿನಲ್ಲಿ ಹೋಂಸ್ಟೇ ಹುಮ್ಮಸ್ಸು ಹೆಚ್ಚಿದ ಮೇಲೆ ಹೆಂಚಿನ ಮನೆಯ ಅಟ್ಟವನ್ನು ಕೋಣೆ ಮಾಡುವ ಬಗ್ಗೆ ಬರುವ ಪ್ರಶ್ನೆಗಳಿಗೆ ಲೆಕ್ಕವೇ ಇಲ್ಲ. ಊರು ಬೇರೆ, ಪ್ರಶ್ನೆ ಒಂದೇ. ಹಾಗಾಗಿ ಈ ಸಲ ಒಂದಕ್ಕೆ ವಿವರವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ತೀರ್ಥಹಳ್ಳಿ ಬಳಿ ನಮ್ಮದು ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಹಳೆಯ ಮನೆ. ಮರದ ಮುಚ್ಚಿಗೆಯ ಅಟ್ಟದಲ್ಲಿ ಅಜ್ಜ 40 ಮೂಟೆ ಅಡಿಕೆ ಇಡುತ್ತಿದ್ದರು, ಏನೂ ಆಗಿಲ್ಲ. ಈಗ ಅಲ್ಲಿ ಎರಡು ಕೋಣೆ ಮತ್ತು ಒಂದು ಶೌಚಾಲಯ ಮಾಡಿಸಬೇಕೆಂದಿದ್ದೇವೆ. ಗುತ್ತಿಗೆದಾರರು ಹಲಗೆಯ ಮೇಲೆ ಮೂರು ಇಂಚು ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸುತ್ತಾರಂತೆ, ತಲೆಗೆ ತಾಗುವ ಅಡ್ಡ ತೊಲೆಗಳನ್ನು ಕತ್ತರಿಸುತ್ತಾರಂತೆ. ಚದರ ಅಡಿ ದರ ಹೇಳಿ ಅರ್ಧ ಹಣ ಮುಂಗಡ ಕೇಳಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಕೊಟ್ಟಾಗಿದ್ದರೆ ಕೆಲಸವನ್ನಾದರೂ ನಿಲ್ಲಿಸಿ.

ಮೊದಲು ಅಜ್ಜನ ಮೂಟೆಗಳ ವಿಚಾರ. ಈ ವಾದವನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಮೂಟೆಗೆ 65 ಕೆ.ಜಿ. ಎಂದುಕೊಂಡರೂ ಒಟ್ಟು ಎರಡೂವರೆ ಟನ್ ಮೀರುತ್ತದೆ, ಒಪ್ಪಿದೆ. ಆದರೆ ತಿಳಿದ ಹಿರಿಯರು ಆ ಮೂಟೆಗಳನ್ನು ಅಟ್ಟದ ನಡುವೆ ಪೇರಿಸುತ್ತಿರಲಿಲ್ಲ, ಗೋಡೆಯ ಬದಿಗೆ ಒತ್ತಿ ಇಡುತ್ತಿದ್ದರು. ಅಲ್ಲಿಟ್ಟ ಭಾರ ಹೆಚ್ಚಾಗಿ ನೇರ ಗೋಡೆಗೆ ಇಳಿಯುತ್ತದೆ, ತೊಲೆಯ ನಡುವನ್ನು ಬಗ್ಗಿಸುವುದು ಕಡಿಮೆ. ಮೇಲಾಗಿ ಧಾರಣೆ ಬಂದೊಡನೆ ಮೂಟೆ ಮಂಡಿಗೆ ಹೋಗುತ್ತಿತ್ತು, ತೊಲೆಗೆ ವರ್ಷಕ್ಕೊಮ್ಮೆ ಬಿಡುವು ಸಿಗುತ್ತಿತ್ತು.

ಕಾಂಕ್ರೀಟ್ ಮಂಡಿಗೆ ಹೋಗುವುದಿಲ್ಲ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆ.ಜಿ. ತೂಗುತ್ತದೆ. ಮೂರು ಇಂಚು ದಪ್ಪಕ್ಕೆ ಚದರ ಮೀಟರಿಗೆ 180 ಕೆ.ಜಿ. ಹತ್ತಕ್ಕೆ ಹನ್ನೆರಡು ಅಡಿಯ ಒಂದೇ ಕೋಣೆಗೆ ಎರಡು ಟನ್. ನಿಮಗೆ ಬೇಕಿರುವುದು ಎರಡು ಕೋಣೆ. ಜನ, ಮಂಚ, ಬೀರುಗಳಿಗೆಂದೇ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕೆ.ಜಿ. ತಾಳಬೇಕು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಆ ಲೆಕ್ಕ ಕಾಂಕ್ರೀಟಿನ ತೂಕ ಬಿಟ್ಟು, ಅದರ ಮೇಲೆ ಶುರುವಾಗುತ್ತದೆ. ಸದಾ ಭಾರ ಹೊತ್ತ ಮರ ಒಂದೇ ದಿನದಲ್ಲಿ ಮುರಿಯದಿರಬಹುದು, ವರ್ಷದಿಂದ ವರ್ಷಕ್ಕೆ ಬಾಗುತ್ತಲೇ ಹೋಗುತ್ತದೆ. ಆಗ ನಿಮ್ಮ ಟೈಲ್ಸ್ ಬಿರುಕು ಬಿಡುತ್ತದೆ, ಗುತ್ತಿಗೆದಾರರು ಟೈಲ್ಸ್ ಕಂಪನಿಯನ್ನು ದೂರುತ್ತಾರೆ.

ಇನ್ನೊಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ. ಅಜ್ಜನ ಕಾಲದಲ್ಲಿ ಒಲೆಯ ಹೊಗೆ ಅಟ್ಟಕ್ಕೇರಿ ಮರವನ್ನು ಒಣಗಿಸಿಡುತ್ತಿತ್ತು, ಹುಳುಗಳನ್ನು ದೂರವಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ತಪ್ಪಿತು. ಆದ್ದರಿಂದ ಅಂದು ಮೂಟೆ ಹೊತ್ತ ತೊಲೆಯೂ ಇಂದಿನ ತೊಲೆಯೂ ಒಂದೇ ಎಂದು ಭಾವಿಸಬೇಡಿ. ತೊಲೆಯ ನಡುವೆ ಬಡಿದು ‘ಟಣ್’ ಎನ್ನುತ್ತದೆ ಎಂದು ಸಂತೋಷಪಡುವವರೇ ಹೆಚ್ಚು. ಮರ ಮೊದಲು ಕೊಳೆಯುವುದು ಗೋಡೆಯೊಳಗೆ ಹೂತಿರುವ ತುದಿಯಲ್ಲಿ. ಅಲ್ಲಿನ ಮಣ್ಣನ್ನು ಸ್ವಲ್ಪ ಕೆರೆದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ತೊಲೆಯ ಕಥೆ ಮುಗಿದಿದೆ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಕೊರೆಹುಳ ಇನ್ನೂ ಕೆಲಸದಲ್ಲಿದೆ.

ಈಗ ಅಡ್ಡ ತೊಲೆ. ಇದನ್ನು ಕತ್ತರಿಸುತ್ತೇನೆ ಎಂದವರನ್ನು ಕಾಫಿ ಕೊಟ್ಟು ಕಳಿಸಿಬಿಡಿ. ಇಳಿಜಾರು ಮಾಡಿನ (ಸೂರಿನ) ಪಕಾಸುಗಳು, ಅಂದರೆ ಹೆಂಚು ಹೊರುವ ಓರೆ ಮರಗಳು, ಹೆಂಚಿನ ಭಾರಕ್ಕೆ ಕೆಳತುದಿಯಲ್ಲಿ ಹೊರಕ್ಕೆ ಜಾರಲು ಹವಣಿಸುತ್ತಿರುತ್ತವೆ. ಎರಡು ಬದಿಯನ್ನೂ ಹಿಡಿದು ಎಳೆದಿಟ್ಟಿರುವುದು ಅಡ್ಡ ತೊಲೆ, ಬಿಲ್ಲಿಗೆ ಹೆದೆ ಇದ್ದಂತೆ. ಅದನ್ನು ತೆಗೆದರೆ ಒತ್ತಡವೆಲ್ಲ ಗೋಡೆಯ ನೆತ್ತಿಗೆ ಬೀಳುತ್ತದೆ. ಮಣ್ಣಿನ ಗೋಡೆ ಮೇಲಿನ ಭಾರವನ್ನು ತಾಳೀತು, ಪಕ್ಕಕ್ಕೆ ತಳ್ಳುವ ಬಲವನ್ನು ತಾಳದು. ಮಳೆಗೆ ನೆನೆದ ಹೆಂಚು ಇನ್ನಷ್ಟು ತೂಗುತ್ತದೆ. ಗೋಡೆ ಹೊರಕ್ಕೆ ವಾಲಿದ್ದು ನಿಮಗೆ ಕಾಣುವುದು ಆಷಾಢದಲ್ಲಿ, ಮಾಡು ಬಿಚ್ಚಲಾಗದ ಹೊತ್ತಿನಲ್ಲಿ.

ತಲೆ ತಾಗುತ್ತದೆ ಎಂಬುದೇ ತೊಂದರೆಯಾದರೆ ಮೊದಲು ಎತ್ತರ ಅಳೆಯಿರಿ. ಇಳಿಜಾರು ಮಾಡಿನ ಕೆಳಗೆ ವಾಸದ ಕೋಣೆ ಮಾಡಲು ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ ಸರಾಸರಿ ಎತ್ತರ 2.75 ಮೀಟರ್, ಅಂದರೆ ಒಂಬತ್ತು ಅಡಿ. ನಾನು ನೋಡಿದ ಬಹುತೇಕ ಅಟ್ಟಗಳು ಇಲ್ಲಿಯೇ ಸೋತಿವೆ. ನಿಮ್ಮದು ಗೆದ್ದರೆ ಮುಂದಿನ ದಾರಿ ಹೀಗಿದೆ: ಕೆಟ್ಟ ತೊಲೆ ಬದಲಿಸಿ, ಸಾಲದ ಕಡೆ ಕೆಳಗಿನಿಂದ ಕಬ್ಬಿಣದ ತೊಲೆ ಕೊಡಿ. ಅದರ ಅಳತೆಯನ್ನು ಮೇಸ್ತ್ರಿ ಹೇಳಬಾರದು, ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಬೇಕು. ನೆಲಕ್ಕೆ ಹಲಗೆಯೇ ಇರಲಿ. ಶೌಚಾಲಯ ಮೇಲೆ ಬೇಡವೇ ಬೇಡ. ಮರದ ಮೇಲೆ ದಿನವೂ ನೀರು ಸುರಿಯುವ ಕೋಣೆ ಕಟ್ಟಿ, ಯಾವ ಲೇಪನ ಒಳ್ಳೆಯದು ಎಂದು ನನ್ನನ್ನು ಕೇಳಬೇಡಿ.

ಗುತ್ತಿಗೆದಾರರ ಚದರ ಅಡಿ ದರದಲ್ಲಿ ಒಂದು ಚಮತ್ಕಾರವಿದೆ. ಅವರು ಅಳೆಯುವುದು ಗೋಡೆಯಿಂದ ಗೋಡೆಗೆ. ಮಾಡು ಇಳಿದು ನೀವು ತೆವಳಬೇಕಾದ ಜಾಗಕ್ಕೂ ಅದೇ ದರ! ಯಾವ ಎತ್ತರದಿಂದ ಅಳೆಯುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಮುಂಗಡ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನಾನು ಯಾರಿಗೂ ಕೊಡಿಸುವುದಿಲ್ಲ. ಉಳಿದದ್ದು ಕೆಲಸದ ಹಂತ ನೋಡಿ. ಕೊನೆಯ ನೂರಕ್ಕೆ ಹತ್ತು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ. ಇದಕ್ಕೆ ಒಪ್ಪದವರಿಗೆ ತಮ್ಮ ಮಾಡಿನ ಮೇಲೆ ತಮಗೇ ನಂಬಿಕೆಯಿಲ್ಲ. ಒಡೆದ ಹೆಂಚಿನ ಹೊಣೆ ಯಾರದು ಎಂಬುದೂ ಕರಾರಿನಲ್ಲಿ ಇರಲಿ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಅಂಚಿನ ತೋಡಿಗೆ ಸರಿಯಾಗಿ ಕೂರದು. ಹಳೆಯ ಹೆಂಚು ನೂರು ಒಡೆದರೆ ಒಂದು ಬದಿಯ ಮಾಡನ್ನೇ ಬದಲಿಸಬೇಕಾಗಬಹುದು.

ಪ್ರಶ್ನೆ: ಅಟ್ಟದ ಮರಕ್ಕೆ ಗೆದ್ದಲು. ಗ್ಯಾರೇಜಿನ ಸುಟ್ಟ ಆಯಿಲ್ ಬಳಿದರೆ ಸಾಕು ಎನ್ನುತ್ತಾರೆ.

ಉತ್ತರ: ಜನ ಮಲಗುವ ಕೋಣೆಗೆ, ವಿದ್ಯುತ್ ತಂತಿ ಹಾದುಹೋಗುವ ಮರಕ್ಕೆ, ಉರಿಯುವ ಎಣ್ಣೆಯೇ? ಗೆದ್ದಲು ಸಾಮಾನ್ಯವಾಗಿ ಬರುವುದು ನೆಲದಿಂದ ಗೋಡೆಯೊಳಗೆ ಹಾದು. ಆ ದಾರಿಗೆ ಔಷಧ ಹಾಕದೆ ಮೇಲೆ ಏನು ಬಳಿದರೂ ವ್ಯರ್ಥ. ಮರ ಮುಟ್ಟಿ ನೋಡದೆ ‘ಹತ್ತು ವರ್ಷ ಗ್ಯಾರಂಟಿ’ ಚೀಟಿ ಬರೆದುಕೊಡುವವರ ಬಗ್ಗೆ ಬರೆಯಲು ಹೊರಟರೆ ಸಂಪಾದಕರು ಕತ್ತರಿ ಹಾಕುತ್ತಾರೆ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಮಧ್ಯಾಹ್ನ ಅಟ್ಟ ಕಾದ ಬಾಣಲೆ. ಹೆಂಚಿಗೆ ಬಿಳಿ ಬಣ್ಣ ಬಳಿಯಬಹುದೇ?

ಉತ್ತರ: ಬಿಸಿಲು ಸೀಮೆಯಲ್ಲಿ ಉಪಯೋಗವಿದೆ. ನಿಮ್ಮ ಸಾಗರದ ಮಳೆಗೆ ಪಾಚಿ ಕಟ್ಟಿ ಬೇಗನೆ ಕಪ್ಪಾಗುತ್ತದೆ. ಕರಾವಳಿಯವರಂತೆ ಒಳಗೊಂದು ಪದರ ಸೀಲಿಂಗ್ ಹೆಂಚು ಹಾಕಿಸಿ, ನಡುವೆ ಗಾಳಿಗೆ ಎಡೆ ಬಿಡಿ. ಹಾಗೆಂದು ಪಕಾಸುಗಳಿಗೆ ಈ ಹೆಚ್ಚಿನ ಭಾರ ತಾಳುವ ಶಕ್ತಿ ಇದೆಯೇ ಎಂದು ನೋಡದೆ ಹೊರಡಬೇಡಿ.

ಪ್ರಶ್ನೆ: ಅಟ್ಟದ ಮೆಟ್ಟಿಲು ಯಾವ ದಿಕ್ಕಿಗೆ ಇರಬೇಕು?

ಉತ್ತರ: ಯಾವ ದಿಕ್ಕಿಗಾದರೂ ಇರಲಿ, ಒಂದೊಂದು ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರದಿರಲಿ, ಪಾದ ಇಡುವ ಅಗಲ 25 ಸೆಂ.ಮೀ.ಗೆ ಕಡಿಮೆಯಾಗದಿರಲಿ, ಹಿಡಿದು ಹತ್ತುವ ಕಂಬಿ ಗಟ್ಟಿಯಾಗಿರಲಿ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಯಾಕೆ, ಹೆಂಚು ತೆಗೆದು ತಗಡು ಹಾಕಿಬಿಡಬಹುದಲ್ಲ?

ಉತ್ತರ: ಜುಲೈ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಒಂದು ರಾತ್ರಿ ಮಲಗಿ ನೋಡಿ. ನಿದ್ದೆ ಬಂದರೆ ಹಾಕಿಸಿ.